ಬೆನ್ನಿಗೆ ಗುದ್ದು ತಿಂದು ಹೆಸರಿಟ್ಟವಳು

ಕಡಲೆ ಗುಗ್ಗರಿ ಕುದಿಯುವ ವಾಸನೆ ಮೂಗಿಗೆ ಬಂದರೆ ಸಾಕು, ಯಾರದಾದರೂ ಬೆನ್ನಿಗೆ ಒಂದು ಗುದ್ದಬೇಕು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಹೋದ ವಾರ ಕಂಪ್ಲಿಯ ನಮ್ಮ ಓಣಿಯಲ್ಲಿ, ಪಕ್ಕದ ಮನೆಯಲ್ಲೇ, ಕೂಸಿಗೆ ಹೆಸರಿಡುವ ಕಾರ್ಯವಿತ್ತು. ನಾನು ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದು ಆಗಷ್ಟೇ ಚಾಪೆ ಹಾಸಿದ್ದೆ. ಗೋಡೆಯಾಚೆಯಿಂದ ಆ ವಾಸನೆ ಬಂತು ನೋಡಿ, ನಿದ್ದೆ ಎತ್ತ ಹೋಯಿತೋ ಗೊತ್ತಿಲ್ಲ. ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯದೊಂದು ಸೀರೆ ಉಟ್ಟು ಹೊರಟೆ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ಅಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ. ಅವಳು ತೊಟ್ಟಿಲಿಗೆ ತಲೆ ಹಾಕಿ, ಕೂಸಿನ ಕಿವಿಯ ಹತ್ತಿರ ಬಾಯಿ ಇಟ್ಟು 'ಕುರ್ರ್' ಅಂತ ಹೆಸರು ಹೇಳುತ್ತಾಳೆ. ಅದಕ್ಕೇ ಕಾದು ನಿಂತ ಹೆಂಗಸರೆಲ್ಲ ಬಗ್ಗಿದ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಹಳೆಯ ಸಿಟ್ಟು ಏನಾದರೂ ಇದ್ದರೆ ಅವತ್ತೇ ತೀರಿಸಿಕೊಳ್ಳಬೇಕು, ಕೇಳುವವರಿಲ್ಲ. ಪಕ್ಕದ ಮನೆಯಲ್ಲೂ ಹಾಗೇ ನಡೆಯಿತು. ಗುದ್ದುವವರ ಸಾಲಿನಲ್ಲಿ ನಾನು ಎಲ್ಲರಿಗಿಂತ ಮುಂದೆ ನಿಂತಿದ್ದೆ. ಕೈಯನ್ನೂ ಎತ್ತಿದೆ... ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ಎದುರಿಗಿದ್ದದ್ದು ಯಾವುದೋ ತೆಳ್ಳನೆಯ ಹುಡುಗಿಯ ಬೆನ್ನು. ನನ್ನ ಕಣ್ಣಿಗೆ ಕಂಡದ್ದು ಅಗಲವಾದ, ಕುಪ್ಪಸ ಬೆವರಿಗೆ ಅಂಟಿಕೊಂಡ ಇನ್ನೊಂದು ಬೆನ್ನು.

ಅದು ಅತ್ತಿಯ ಬೆನ್ನು. ಅವಳಿಗೆ ಬೇರೆ ಹೆಸರಿತ್ತು, ಸಂಬಳದ ದಿನ ಕರೆಯುತ್ತಿದ್ದರು. ಉಳಿದ ದಿನ ನಮಗೆಲ್ಲ ಅವಳು ಅತ್ತಿ. ಹಾಲು ಹಾಕುವವನಿಗೂ ಅತ್ತಿ, ಬೀಟಿಗೆ ಬರುವ ಪೊಲೀಸನಿಗೂ ಅತ್ತಿ.

ನಾನು ಬೆಳೆದದ್ದು ಹೊಸಪೇಟೆಯ ಒಂದು ಸರ್ಕಾರಿ ಬಾಲಮಂದಿರದಲ್ಲಿ. ತಂದೆತಾಯಿ ಇಲ್ಲದ, ಇದ್ದೂ ಇಲ್ಲದಂಥ ಹೆಣ್ಣುಮಕ್ಕಳನ್ನು ಸರ್ಕಾರ ಇಟ್ಟು ಸಾಕುವ ಜಾಗ ಅದು. ನಾನು ಸಂಡೂರಿನ ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರಿಗೆ ಸಿಕ್ಕವಳು. ಆಗ ನನಗೆ ನಾಲ್ಕು ವರ್ಷ ಇರಬಹುದು, ಐದೂ ಇರಬಹುದು, ಕಂಡವರಾರು? ಹೆಸರು ಕೇಳಿದರೆ 'ಪಾಪು' ಅಂದೆನಂತೆ. ಅಪ್ಪನ ಹೆಸರು ಕೇಳಿದರೆ 'ಅಪ್ಪ' ಅಂದೆನಂತೆ. ತಪ್ಪೇನೂ ಹೇಳಿಲ್ಲ ಬಿಡಿ. ಅಲ್ಲಿನ ಮೇಡಂ ಕಾಗದದಲ್ಲಿ ಏನೋ ಒಂದು ಹೆಸರು ಬರೆಯಲು ಪೆನ್ನು ಎತ್ತಿದಾಗ, ಆಯಾ ಕೆಲಸಕ್ಕಿದ್ದ ಅತ್ತಿ ತಡೆದಳಂತೆ. ಹೆಸರು ಬರೆಯುವುದಲ್ಲ, ಇಡುವುದು, ಅದಕ್ಕೊಂದು ರೀತಿ ರಿವಾಜು ಇದೆ ಅಂದಳಂತೆ.

ತೊಟ್ಟಿಲು ಎಲ್ಲಿಂದ ಬರಬೇಕು? ತನ್ನದೇ ಹಳೆಯ ಸೀರೆಯನ್ನು ವರಾಂಡದ ತೊಲೆಗೆ ಜೋಳಿಗೆ ಕಟ್ಟಿ ಅದರೊಳಗೆ ನನ್ನನ್ನು ತುರುಕಿದಳು. ನನ್ನ ಕಾಲು ಎರಡೂ ಹೊರಗೆ ಜೋತಾಡುತ್ತಿದ್ದವು. ನಾನು ಹೆದರಿ ಲಬೋಲಬೋ ಅಂತ ಹೊಯ್ಕೊಳ್ಳುತ್ತಿದ್ದೆ. ಅದಷ್ಟು ನನಗೇ ನೆನಪಿದೆ, ಇಲ್ಲಾ ಕೇಳಿ ಕೇಳಿ ನೆನಪಾಗಿದೆಯೋ... ಕಿವಿಯಲ್ಲಿ ಎಲೆಯಡಿಕೆಯ ಬಿಸಿ ಉಸಿರು ಬಂತು, 'ಕುರ್ರ್, ಪಂಪಾವತಿ' ಅಂತ. ಹಂಪಿಯ ತಾಯಿಯ ಹೆಸರು. ಅಷ್ಟರಲ್ಲಿ ಹಿಂದಿನಿಂದ ಅಡಿಗೆಯಮ್ಮ, ದೊಡ್ಡ ಹುಡುಗಿಯರು ಎಲ್ಲ ಸೇರಿ ಅತ್ತಿಯ ಬೆನ್ನಿಗೆ ಬಾರಿಸಿದರು. ಬೆನ್ನಿಗೆ ಗುದ್ದು ಬೀಳದಿದ್ದರೆ ಹೆಸರು ಮೈಗೆ ಹತ್ತುವುದಿಲ್ಲ ಅಂತ ಅವಳ ನಂಬಿಕೆ. ನನ್ನ ಹಿಂದೆ, ಮುಂದೆ ಹೀಗೆ ಹೆಸರಿಲ್ಲದೆ ಬಂದ ಎಷ್ಟೋ ಮಕ್ಕಳಿಗೆ ಅವಳು ಬೆನ್ನು ಕೊಟ್ಟಿದ್ದಾಳೆ. ಅದಕ್ಕೇ ನಮ್ಮೆಲ್ಲರಿಗೂ ಅವಳು ಅತ್ತಿ.

ಪ್ರೀತಿ ಅಂದರೆ ಮುದ್ದು ಮಾಡುವುದು ಅಂತ ನೀವು ತಿಳಿದಿದ್ದರೆ ಅತ್ತಿಯನ್ನು ನೋಡಬೇಕಿತ್ತು. ಅವಳ ಬಾಯಿ ಅಂದರೆ ಬಾಯಿ. ಬೆಳಿಗ್ಗೆ ಎಬ್ಬಿಸುವಾಗಲೇ ನಮ್ಮ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದಳು. ನಮ್ಮ ತಲೆಮಾರು ಯಾವುದು ಅಂತ ನಮಗೇ ಗೊತ್ತಿರಲಿಲ್ಲ, ಅವಳಿಗೆ ಮಾತ್ರ ಎಲ್ಲ ಗೊತ್ತಿದ್ದಂತೆ ಬೈಯುತ್ತಿದ್ದಳು. ಹೇನು ತೆಗೆಯಲು ಕುಳಿತರೆ ತಲೆಯನ್ನು ತೊಡೆಗಳ ನಡುವೆ ಒತ್ತಿ ಹಿಡಿಯುತ್ತಿದ್ದಳು, ಅಲುಗಿದರೆ ಬಾಚಣಿಗೆಯಿಂದ ಕುಟ್ಟುತ್ತಿದ್ದಳು. ಜ್ವರ ಬಂದ ಮಗುವಿನ ಪಕ್ಕದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಅತ್ತಿ ಬೈಯುತ್ತಿಲ್ಲ ಅಂದರೆ ನಮಗೆ ಹೆದರಿಕೆಯಾಗುತ್ತಿತ್ತು.

ಅವಳನ್ನು ದರೋಜಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಹೋದ, ಮಕ್ಕಳಿಲ್ಲ. ಅವಳಿಗೆ ಇದ್ದದ್ದು ಎಮ್ಮಿಗನೂರಿನ ಅಣ್ಣ ಒಬ್ಬನೇ. ಭತ್ತ, ಕಬ್ಬು ಬೆಳೆಯುವ ತಕ್ಕಮಟ್ಟಿಗಿನ ಒಕ್ಕಲುತನ ಅವರದು. ನಾಗರಪಂಚಮಿ ಬಂತೆಂದರೆ ಅತ್ತಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ, ಅಣ್ಣ ಬಂದು ಕರೆದೊಯ್ಯಬೇಕು. ಅವನು ಟ್ರ್ಯಾಕ್ಟರ್ ತಂದು ಗೇಟಿನ ಮುಂದೆ ನಿಲ್ಲಿಸುತ್ತಿದ್ದ. ಅತ್ತಿ ಬೇಕೆಂದೇ ಹತ್ತು ನಿಮಿಷ ತಡ ಮಾಡುತ್ತಿದ್ದಳು, ಓಣಿಯ ಜನ ನೋಡಲಿ ಅಂತ. ವಾಪಸು ಬರುವಾಗ ಮೈಮೇಲೆ ಹೊಸ ಸೀರೆ, ಕೈಯಲ್ಲಿ ಡಬ್ಬಿ ತುಂಬ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ನಮಗೆಲ್ಲ ಹಂಚುತ್ತ ಅಣ್ಣ ಹೀಗೆಂದ, ಅಣ್ಣ ಹಾಗೆಂದ ಅಂತ ವಾರಗಟ್ಟಲೆ ಹೇಳುತ್ತಿದ್ದಳು. ನಮಗೆ ತವರು ಅಂದರೆ ಏನು ಅಂತ ಗೊತ್ತಾದದ್ದೇ ಅವಳ ಆ ಬಡಾಯಿಯಿಂದ.

ನಾನು ದೊಡ್ಡವಳಾಗುವ ಹೊತ್ತಿಗೆ ಊರು ಬೇರೆಯೇ ಆಗಿತ್ತು. ಸಂಡೂರಿನ ಗುಡ್ಡದಿಂದ ಅದಿರು ತುಂಬಿದ ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿ ಓಡುತ್ತಿದ್ದವು. ನಮ್ಮ ಬಿಳಿ ಯೂನಿಫಾರ್ಮು ಒಗೆದು ಹಗ್ಗದ ಮೇಲೆ ಹಾಕಿದರೆ ಸಂಜೆಗೆ ಕೆಂಪಾಗಿ ಒಣಗುತ್ತಿತ್ತು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಕಾರಿನಿಂದ ಇಳಿಯುತ್ತಿದ್ದ. ಅಂಥ ದುಡ್ಡು ಬಂದವರಲ್ಲಿ ಕೆಲವರು ನಮ್ಮ ಗೇಟಿಗೂ ಬರುತ್ತಿದ್ದರು, ಮದುವೆಗೆ ಹೆಣ್ಣು ಇದೆಯಾ ಅಂತ ಕೇಳಿಕೊಂಡು. ಹಿಂದೆ ಮುಂದೆ ಕೇಳುವವರಿಲ್ಲದ ಹುಡುಗಿ ಅಂದರೆ ಅವರಿಗೆ ಅನುಕೂಲ ನೋಡಿ. ಹದಿನೆಂಟು ತುಂಬಿದವರನ್ನು ಬಾಲಮಂದಿರದಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಂದೋ ಮದುವೆ, ಇಲ್ಲಾ ದೂರದ ಊರಿನ ಮಹಿಳಾ ನಿಲಯ. ನನ್ನ ಜೊತೆಯವಳೊಬ್ಬಳು ಲಾರಿ ಮಾಲೀಕನೊಬ್ಬನಿಗೆ ಎರಡನೇ ಹೆಂಡತಿಯಾಗಿ ಹೋದಳು. ಆಮೇಲೆ ಅವಳ ಸುದ್ದಿಯೇ ಬರಲಿಲ್ಲ...

ನನಗೆ ಎರಡೂ ಬೇಡವಾಗಿತ್ತು. ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದ್ದೆ, ಸೀಟೂ ಸಿಕ್ಕಿತು. ಅಲ್ಲಿ ಹಾಸ್ಟೆಲ್ ಇತ್ತು, ಮುಗಿದ ಮೇಲೆ ಕೆಲಸವಿತ್ತು. ಬಾಗಿಲು ತೆರೆದೇ ಇತ್ತು ಅನ್ನಿ. ಅಷ್ಟರಲ್ಲಿ ಕಾಗದ ನೋಡಿದವರು ತಡೆದರು. ಬಾಲಮಂದಿರದ ಕಡತದ ಪ್ರಕಾರ ನನಗಿನ್ನೂ ಹದಿನಾರು. ಶಾಲೆಯ ದಾಖಲೆಯ ಪ್ರಕಾರ ಹದಿನೆಂಟು. ತರಬೇತಿಗೆ ಹದಿನೇಳು ತುಂಬಿರಬೇಕು. ತಮಾಷೆ ನೋಡಿ, ಹೊರಗೆ ಹಾಕಲು ಶಾಲೆಯ ವಯಸ್ಸು ಹಿಡಿದರು, ಒಳಗೆ ಸೇರಿಸಿಕೊಳ್ಳಲು ಬಾಲಮಂದಿರದ ವಯಸ್ಸು ಹಿಡಿದರು. ಜನನ ಪ್ರಮಾಣಪತ್ರ ತಂದರೆ ಸೇರಿಸಿಕೊಳ್ಳುತ್ತೇವೆ, ಅಲ್ಲಿಯವರೆಗೆ ಸೀಟು ಹಿಡಿದಿಡುತ್ತೇವೆ, ತಿಂಗಳಾಚೆಗೆ ಆಗುವುದಿಲ್ಲ ಅಂದರು. ಹುಟ್ಟಿದ್ದು ಎಲ್ಲಿ ಅಂತಲೇ ಗೊತ್ತಿಲ್ಲದವಳು ಹುಟ್ಟಿದ ಪತ್ರ ಎಲ್ಲಿಂದ ತರಬೇಕು? ಮತದಾರರ ಚೀಟಿ, ರೇಷನ್ ಕಾರ್ಡು ಏನು ಕೇಳಲು ಹೋದರೂ ಅದೇ ಪ್ರಶ್ನೆ ಎದುರಾಗುತ್ತಿತ್ತು. ಆಗ ಊರಲ್ಲಿ ಎಂಥೆಂಥವರಿಗೋ ನಾಲ್ಕು ನಾಲ್ಕು ರೇಷನ್ ಕಾರ್ಡು ಇದ್ದವು. ಸರ್ಕಾರವೇ ಅನ್ನ ಹಾಕಿ ಬೆಳೆಸಿದ ನನಗೆ ನಾನು ನಾನೇ ಅಂತ ಹೇಳುವ ಒಂದು ಚೀಟಿ ಇರಲಿಲ್ಲ.

ಅಷ್ಟು ವರ್ಷ ತಡವಾದ ಜನನವನ್ನು ಬರೆಸಬೇಕಾದರೆ ಕೋರ್ಟಿನ ಆದೇಶ ಬೇಕು. ಬಡವರ ಕೇಸನ್ನು ಪುಕ್ಕಟೆ ನಡೆಸುವ ವಕೀಲ ಮೇಡಂ ಒಬ್ಬರು ಮುಂದೆ ಬಂದರು. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಹಲ್ಲು, ಎಲುಬು ನೋಡಿ ಹದಿನೇಳು ದಾಟಿದೆ ಅಂತ ಬರೆದುಕೊಟ್ಟರು. ಇನ್ನು ಬೇಕಾದದ್ದು ನನ್ನನ್ನು ಚಿಕ್ಕಂದಿನಿಂದ ಬಲ್ಲವರ ಸಾಕ್ಷಿ. ಆಗಿನ ಮೇಡಂ ವರ್ಗವಾಗಿ ಎಲ್ಲಿಗೋ ಹೋಗಿದ್ದರು. ಅತ್ತಿ ಎಲೆಯಡಿಕೆ ಉಗುಳಿ ಬಂದು, ನಾ ಇದ್ದೀನಲ್ಲ, ನಾ ಹೇಳ್ತೀನಿ ಅಂದಳು. ವಕೀಲ ಮೇಡಂ ಅವಳಿಗೆ ಗಿಳಿಗೆ ಹೇಳಿದ ಹಾಗೆ ಹೇಳಿಕೊಟ್ಟರು: ನಾನು ಅಲ್ಲಿಯ ಆಯಾ, ಈ ಹುಡುಗಿ ಬಂದಾಗಿನಿಂದ ಬಲ್ಲೆ, ಇಷ್ಟು ಹೇಳಿದರೆ ಸಾಕು. ಅತ್ತಿ ತಲೆಯಾಡಿಸಿದಳು.

ಕೋರ್ಟಿಗೆ ಅವಳು ಪಂಚಮಿಯ ಸೀರೆ ಉಟ್ಟು ಬಂದಳು. ಕಟಕಟೆಯಲ್ಲಿ ನಿಂತು ದೇವರ ಮೇಲೆ ಪ್ರಮಾಣ ಮಾಡಿದಳು. ಮ್ಯಾಜಿಸ್ಟ್ರೇಟರು ತಲೆ ಎತ್ತದೆ, ಈ ಹುಡುಗಿಗೆ ನೀವು ಏನಾಗಬೇಕು ಅಂತ ಕೇಳಿದರು. ಕೇಳಬಾರದಿತ್ತು.

"ಸೋದರತ್ತಿ ಆಗಬೇಕ್ರಿ," ಅಂದಳು ಅತ್ತಿ.

ವಕೀಲ ಮೇಡಂ ಪೆನ್ನು ಕೆಳಗಿಟ್ಟರು. ಮ್ಯಾಜಿಸ್ಟ್ರೇಟರು ಈಗ ತಲೆ ಎತ್ತಿದರು. ಅಂದರೆ ಇವಳ ತಂದೆಯ ತಂಗಿಯೋ ಅಂದರು. ಹೌದು ಅಂದಳು. ಹಾಗಾದರೆ ತಂದೆಯ ಹೆಸರು ಹೇಳಿ ಅಂದರು. ಅತ್ತಿ ಒಂದು ಕ್ಷಣವೂ ತಡೆಯದೆ ಎಮ್ಮಿಗನೂರಿನ ತನ್ನ ಅಣ್ಣನ ಹೆಸರನ್ನು, ಅವರಪ್ಪನ ಹೆಸರನ್ನೂ ಮನೆತನದ ಹೆಸರನ್ನೂ ಸೇರಿಸಿ, ಗಂಟಲು ತುಂಬ ಹೇಳಿಬಿಟ್ಟಳು. ಗುಮಾಸ್ತ ಬರೆದುಕೊಂಡ. ತಂದೆ ಇದ್ದಾರೆ ಅಂದಮೇಲೆ ಆ ಊರಿನಲ್ಲಿ ವಿಚಾರಿಸಿ ವರದಿ ತರಿಸಬೇಕು ಅಂತ ಕೇಸು ಮುಂದೆ ಹೋಯಿತು.

ಹೊರಗೆ ಬಂದ ಮೇಲೆ ವಕೀಲ ಮೇಡಂ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅತ್ತಿಗೆ ತಾನು ಮಾಡಿದ ತಪ್ಪೇನು ಅಂತ ಅರ್ಥವೇ ಆಗಲಿಲ್ಲ. ಹೆಸರಿಟ್ಟವಳು ಸೋದರತ್ತೆ. ಸೋದರತ್ತೆಯ ಅಣ್ಣ ಹುಡುಗಿಯ ತಂದೆ. ತನಗೆ ಇರುವುದು ಒಬ್ಬನೇ ಅಣ್ಣ. ಇದರಲ್ಲಿ ಸುಳ್ಳು ಎಲ್ಲಿದೆ? ಪರಗಂಡಸಿನ ಹೆಸರು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು ಅಂತ ಅವಳ ವಾದ. ಸುಮ್ಮನೆ ತಲೆ ಕೆಡಿಸಿಕೊಳ್ಳಬ್ಯಾಡ್ರಿ ಅಂತ ವಕೀಲರಿಗೇ ಸಮಾಧಾನ ಹೇಳಿ, ಅಂಗಡಿಯಿಂದ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಳು.

ನಾನು ಏನು ಮಾಡಿದೆ ಗೊತ್ತೇ? ಆ ಹೆಸರನ್ನು ಬಾಯೊಳಗೇ ಹೇಳಿಕೊಂಡೆ. ಪಂಪಾವತಿ, ಇಂಥವರ ಮಗಳು. ಮತ್ತೆ ಹೇಳಿಕೊಂಡೆ. ಸುಳ್ಳು ಅಂತ ಗೊತ್ತಿತ್ತು. ಆದರೂ ಆ ಕೆಲವು ದಿನ ನನಗೊಬ್ಬ ಅಪ್ಪನಿದ್ದ, ಅವನಿಗೆ ಹೊಲವಿತ್ತು, ಊರಿತ್ತು... ಅಷ್ಟು ಸುಖವಾಗಿ ನಾನು ಯಾವತ್ತೂ ನಿದ್ದೆ ಮಾಡಿರಲಿಲ್ಲ.

ವಿಚಾರಣೆಗೆ ಹೋದ ಗ್ರಾಮ ಲೆಕ್ಕಿಗ ಎಮ್ಮಿಗನೂರಿನಲ್ಲಿ ಮಾಡಿದ್ದಿಷ್ಟೇ. ಅಣ್ಣನ ಮನೆಯ ಕಟ್ಟೆಯ ಮೇಲೆ ಕುಳಿತು, ಹೊಸಪೇಟೆಯ ಬಾಲಮಂದಿರದಲ್ಲಿ ನಿಮ್ಮ ಮಗಳೊಬ್ಬಳು ಇದ್ದಾಳಂತೆ ಹೌದೇ ಅಂತ ಕೇಳಿದ. ಕಟ್ಟೆಯ ಮೇಲೆ ಕೇಳಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಅಣ್ಣ ವಯಸ್ಸಿನಲ್ಲಿ ಸಂಡೂರಿನ ಗಣಿ ಕಡೆಗೆ ಗಾಡಿ ಹೊಡೆಯುತ್ತಿದ್ದನಂತೆ, ವಾರಗಟ್ಟಲೆ ಅಲ್ಲೇ ಇರುತ್ತಿದ್ದನಂತೆ. ಹುಡುಗಿ ಸಿಕ್ಕದ್ದೂ ಸಂಡೂರಿನಲ್ಲೇ. ಇಷ್ಟು ಸಾಕಲ್ಲ! ಜನ ಎರಡಕ್ಕೆ ಎರಡು ಕೂಡಿಸಿ ಐದು ಮಾಡಿದರು.

ಮಾರನೆಯ ದಿನವೇ ಟ್ರ್ಯಾಕ್ಟರ್ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಪಂಚಮಿಗೆ ಇನ್ನೂ ದಿನವಿತ್ತು. ಅಣ್ಣನ ಹಿಂದೆ ಅವನ ಹೆಂಡತಿ ಇಳಿದಳು. ಆಕೆ ಮೊದಲು ಮಾಡಿದ ಕೆಲಸ ನನ್ನನ್ನು ಕರೆಸಿ, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ್ದು. ಮೂಗು ನೋಡಿದಳು, ಕಿವಿ ನೋಡಿದಳು, ಹಣೆ ನೋಡಿದಳು. ಏನೂ ಗೊತ್ತಾಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನಾದಿನಿಯ ಮೇಲೆ ಹರಿಹಾಯ್ದಳು. ಭೂಮಿಗೆ ಬಂಗಾರದ ರೇಟು ಬಂದಿರುವಾಗ ಪಾಲಿಗೊಬ್ಬಳನ್ನು ತಂದು ನಿಲ್ಲಿಸಿದೆ, ನನ್ನ ಮಕ್ಕಳ ಬಾಯಿಗೆ ಮಣ್ಣು ಹಾಕಿದೆ ಅಂತ ಅತ್ತಳು. ಆಕೆ ಕೆಟ್ಟವಳು ಅಂತ ನಾನು ಹೇಳುವುದಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೆ ಟ್ರ್ಯಾಕ್ಟರನ್ನು ಗೇಟಿನ ಮೇಲೇ ಹತ್ತಿಸುತ್ತಿದ್ದೆ.

ಅಣ್ಣ ಮಾತ್ರ ನಮ್ಮ ಗೇಟಿನ ಪಕ್ಕದ ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕುಳಿತಿದ್ದ. ಎತ್ತರದ ಮನುಷ್ಯ, ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು. ನನ್ನ ಕಡೆ ಒಂದು ಸಲ ನೋಡಿ, "ಊಟ ಆತೇನವಾ?" ಅಂತ ಕೇಳಿದ. ಹೂಂ ಅಂದೆ. ಅಷ್ಟೇ ನಮ್ಮಿಬ್ಬರ ಮಾತು. ಆಮೇಲೆ ತಂಗಿಯ ಕಡೆ ತಿರುಗಿ ಮೆಲ್ಲಗೆ, ಕೋರ್ಟಿನಲ್ಲಿ ಹೇಳಿದ್ದನ್ನು ಹೋಗಿ ವಾಪಸು ತಗೋ, ಇಲ್ಲದಿದ್ದರೆ ಮನೆಗೆ ಬರಬೇಡ ಅಂದ.

ವಕೀಲ ಮೇಡಂ ಕೂಡ ಅದನ್ನೇ ಹೇಳಿದರು, ಪ್ರಮಾಣ ಮಾಡಿ ತಪ್ಪು ಹೇಳಿದ್ದು ಹೊರಬಿದ್ದರೆ ನಿನಗೆ ಜೈಲು ಅಂತ. ಆದರೆ ಹೇಳಿಕೆ ವಾಪಸು ತಗೊಂಡರೆ ಕೋರ್ಟು ಅವಳ ಯಾವ ಮಾತನ್ನೂ ನಂಬದೆ ಇರಬಹುದು, ಆಗ ಅರ್ಜಿಯೇ ಬಿದ್ದುಹೋಗುತ್ತದೆ. ಸೀಟಿನ ಗಡುವಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅತ್ತಿ ಎರಡು ದಿನ ಯಾರನ್ನೂ ಬೈಯಲಿಲ್ಲ. ಮೂರನೆಯ ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ಜೈಲಿಗೆ ಹಾಕಿದರೆ ಹಾಕಲಿ, ಅಲ್ಲೂ ಕೂಳು ಹಾಕುತ್ತಾರೆ, ನಿನ್ನ ಸೀಟು ಹೋಗಬಾರದು ಅಂದಳು. ನನಗೆ ಅವಳ ಮೇಲೆ ಭಾಳ ಸಿಟ್ಟು ಬಂತು. ನಿನ್ನನ್ನು ಜೈಲಿಗೆ ಕಳಿಸಿ ನಾನು ಯಾರ ಸೇವೆ ಮಾಡಲಿ, ನಿನ್ನ ಪಂಚಮಿ ತಪ್ಪಿಸಿದ ಸೀಟು ನನಗೆ ಬೇಡ ಅಂತ ಕೂಗಾಡಿದೆ. ಇಬ್ಬರೂ ಜಗಳ ಆಡಿ, ಇಬ್ಬರೂ ಅತ್ತು, ಕೊನೆಗೆ ನಿಜ ಹೇಳುವುದು ಅಂತ ಆಯಿತು.

ಎರಡನೆಯ ಸಲ ಕೋರ್ಟಿಗೆ ಅಡಿಗೆಯಮ್ಮನೂ ಜೊತೆಗೆ ಬಂದಳು, ಧೈರ್ಯಕ್ಕೆ. ಅತ್ತಿ ಕಟಕಟೆಯಲ್ಲಿ ನಿಂತು, ಈ ಹುಡುಗಿ ನನ್ನ ಅಣ್ಣನ ಮಗಳಲ್ಲ ಅಂದಳು. ಮ್ಯಾಜಿಸ್ಟ್ರೇಟರ ಮುಖ ಕೆಂಪಾಯಿತು. ಹೋದ ಸಲ ದೇವರ ಮೇಲೆ ಆಣೆ ಇಟ್ಟು ಸೋದರತ್ತೆ ಅಂದಿರಿ, ಈಗ ಅಲ್ಲ ಅನ್ನುತ್ತೀರಿ, ಇದು ಕೋರ್ಟೋ ಸಂತೆಯೋ ಅಂದರು. ಅತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸೋದರತ್ತಿ ಅಲ್ಲ ಅಂತ ನಾ ಎಲ್ಲಿ ಅಂದೀನ್ರಿ ಸಾಹೇಬ್ರ? ಅಣ್ಣನ ಮಗಳಲ್ಲ ಅಂದೆ. ಪಂಪಾವತಿ ಅಂತ ಈಕಿ ಕಿವ್ಯಾಗ ಹೇಳಿದಾಕಿ ನಾನು. ಆ ಹೆಸರಿಗೆ ಬೆನ್ನಾಗ ಗುದ್ದು ತಿಂದಾಕಿ ನಾನು. ಮತ್ಯಾರ್ರಿ ಈಕಿಗೆ ಸೋದರತ್ತಿ?"

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಅವರು ನಮ್ಮ ಕಡೆಯವರೇ ಇರಬೇಕು, ಅವರ ಮನೆಯಲ್ಲೂ ಯಾರೋ ಅಕ್ಕನೋ ತಂಗಿಯೋ ಹೀಗೆ ಬೆನ್ನು ಕೊಟ್ಟಿರಬೇಕು. ವಕೀಲ ಮೇಡಂ ಕಡೆ ತಿರುಗಿ, ಗುದ್ದಿದವರು ಯಾರಾದರೂ ಇದ್ದಾರೇನು ಅಂತ ಕೇಳಿದರು.

ಅಡಿಗೆಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವಳನ್ನು ಕರೆದು ಕಟಕಟೆಗೆ ಹತ್ತಿಸಿದರು. ಪಾಪ, ಗುದ್ದಿದ್ದಕ್ಕೇ ಕೇಸು ಹಾಕುತ್ತಾರೆ ಅಂತ ತಿಳಿದು ಅವಳು ಮೊದಲು ಬಾಯೇ ಬಿಡಲಿಲ್ಲ. ಮೆಲ್ಲಗೆ ಗುದ್ದಿದೆ ಅಂತ ಶುರು ಮಾಡಿ, ಕೊನೆಗೆ ಜೋರಾಗಿಯೇ ಗುದ್ದಿದೆ ಅಂತ ಒಪ್ಪಿಕೊಂಡಳು. ಯಾವಾಗ ಅಂತ ಕೇಳಿದ್ದಕ್ಕೆ, ಪಂಚಮಿ ಆಗಿ ವಾರದೊಳಗೆ, ಗುಗ್ಗರಿ ಬೇಯಿಸುವಾಗ ಇವಳ ತವರಿನ ಉಂಡಿ ಡಬ್ಬಿಯಲ್ಲಿ ಇನ್ನೂ ಇದ್ದವು ಅಂದಳು. ಕಡತದಲ್ಲಿದ್ದ, ಪೊಲೀಸರು ನನ್ನನ್ನು ತಂದು ಬಿಟ್ಟ ದಿನಕ್ಕೆ ಅದು ಸರಿಹೋಯಿತು. ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಇನ್ನು ಮೇಲೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳಬೇಕು ಅಂತ ಅತ್ತಿಗೆ ಗದರಿಸಿ ಬಿಟ್ಟರು. ಆದೇಶ ಆಯಿತು. ಹೆಸರು ಪಂಪಾವತಿ. ವಯಸ್ಸು ಡಾಕ್ಟರು ಹೇಳಿದ್ದು. ತಂದೆಯ ಹೆಸರಿನ ಜಾಗ ಖಾಲಿ.

ಗಡುವು ಮುಗಿಯುವುದರೊಳಗೆ ನಾನು ತರಬೇತಿಗೆ ಸೇರಿದೆ. ಆ ಒಂದು ಕಾಗದ ಹಿಡಿದು ಹೋದಲ್ಲೆಲ್ಲ ಮತದಾರರ ಚೀಟಿ, ಬ್ಯಾಂಕಿನ ಪುಸ್ತಕ ಒಂದೊಂದಾಗಿ ಬಂದವು. ಒಂದೊಂದು ಬಂದಾಗಲೂ ಅತ್ತಿಗೆ ತೋರಿಸಲು ಬಸ್ಸು ಹತ್ತಿ ಬರುತ್ತಿದ್ದೆ. ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೀ ಅನ್ನುತ್ತಿದ್ದಳು. ಆಮೇಲೆ ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡುತ್ತಿದ್ದಳು.

ಎಲ್ಲ ಸುಖಾಂತ ಅಂದುಕೊಂಡಿರಾ? ಅತ್ತಿ ನಿಜ ಹೇಳಿದಳು, ಸರಿ. ಆದರೆ ಎಮ್ಮಿಗನೂರು ಮೊದಲ ಮಾತನ್ನೇ ನಂಬಿತ್ತು. ಅಣ್ಣನ ಮಾನ ಉಳಿಸಲು ತಂಗಿ ಆಮೇಲೆ ತಿಪ್ಪೆ ಸಾರಿಸಿದಳು ಅಂತ ಜನ ಆಡಿಕೊಂಡರು. ಹೆಂಡತಿಗೂ ಅದೇ ಅನುಮಾನ. ಆ ವರ್ಷ ಪಂಚಮಿಯ ದಿನ ನಾನು ರಜೆ ಹಾಕಿ ಬಂದಿದ್ದೆ. ಅತ್ತಿ ಬೆಳಿಗ್ಗೆಯೇ ಚೀಲ ಕಟ್ಟಿಕೊಂಡು ಗೇಟಿನ ಹತ್ತಿರ ಕುಳಿತಿದ್ದಳು. ಲಾರಿಗಳು ಹೋದವು, ಬಂದವು. ಒಂದೊಂದು ಟ್ರ್ಯಾಕ್ಟರಿನ ಸದ್ದಿಗೂ ಎದ್ದು ನಿಲ್ಲುತ್ತಿದ್ದಳು. ಊಟಕ್ಕೆ ಕರೆದರೆ ಅಲ್ಲೇ ಹೋಗಿ ಉಣ್ಣುತ್ತೇನೆ ಅಂದಳು. ಹೊತ್ತು ಮುಳುಗಿದ ಮೇಲೆ ಚೀಲ ಎತ್ತಿಕೊಂಡು ಒಳಗೆ ಬಂದಳು. ಗಾಡಿ ಕೆಟ್ಟಿರಬೇಕು ಅಂದಳು. ಮರುವರ್ಷ ಚೀಲ ಕಟ್ಟಲಿಲ್ಲ. ನನ್ನ ಕೈಗೆ ಒಂದು ಹೆಸರು ಬಂತು, ಅವಳ ಕೈಯಿಂದ ತವರು ಹೋಯಿತು.

ಕೆಲಸ ಸಿಕ್ಕ ಮೊದಲ ವರ್ಷದ ಪಂಚಮಿಗೆ ನಾನೇ ಸೀರೆ ತಗೊಂಡು, ಉಂಡಿ ಕಟ್ಟಿಕೊಂಡು ಹೋದೆ. ಉಂಡಿ ಕಲ್ಲಾಗಿದ್ದವು, ಮಾಡಲು ಬರುತ್ತಿರಲಿಲ್ಲ. ಅತ್ತಿ ಸೀರೆಯ ಬಣ್ಣಕ್ಕೆ ಬೈದಳು, ಅಂಗಡಿಯವ ನಿನಗೆ ಟೋಪಿ ಹಾಕಿದ್ದಾನೆ ಅಂದಳು, ಉಂಡಿಯನ್ನು ಗೋಡೆಗೆ ಕುಟ್ಟಿ ಒಡೆದು ತಿಂದಳು. ಆಮೇಲೆ ಅದೇ ಸೀರೆ ಉಟ್ಟು ಓಣಿಯೆಲ್ಲ ತಿರುಗಿ ಬಂದಳು. ಕೆಲಸದಿಂದ ನಿವೃತ್ತಿಯಾದ ಮೇಲೆ ಕಂಪ್ಲಿಗೆ, ನನ್ನ ಮನೆಗೇ ಬಂದಳು. ದಿನಕ್ಕೆ ಹದಿನಾಲ್ಕು ಕಿತ್ತಾಟ, ಹದಿನಾರು ರಾಜಿ. ಎಮ್ಮಿಗನೂರು ಅಲ್ಲಿಂದ ಹತ್ತಿರವೇ. ಒಂದು ದಿನವೂ ಅವಳು ಆ ಬಸ್ಸು ಹತ್ತಲಿಲ್ಲ, ಆ ಊರಿನ ಭತ್ತ ಬಂದಿದೆ ಅಂದರೆ ಮಾತ್ರ ಅಂಗಡಿಗೆ ಹೋಗಿ ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡುತ್ತಿದ್ದಳು...

ಅವಳು ತೀರಿಕೊಂಡಾಗ ಗಣಿಗಳ ಅಬ್ಬರ ಅಡಗಿ ಕೆಲವು ವರ್ಷವಾಗಿತ್ತು. ಮೂರು ದಿನದ ಜ್ವರ, ನಮ್ಮ ಆಸ್ಪತ್ರೆಯಲ್ಲೇ, ನನ್ನ ಕೈಯಲ್ಲೇ. ಎರಡು ದಿನ ಬೈಯುತ್ತಲೇ ಇದ್ದವಳು ಕೊನೆಯ ದಿನ ಸುಮ್ಮನಾದಳು. ಎಮ್ಮಿಗನೂರಿಗೆ ನಾನೇ ಹೇಳಿ ಕಳಿಸಿದೆ. ಬರುತ್ತಾರೆ ಅಂತ ನಂಬಿಕೆ ಇರಲಿಲ್ಲ. ಅಣ್ಣ ಬಂದ, ಒಬ್ಬನೇ, ಬಸ್ಸಿನಲ್ಲಿ. ಬೆನ್ನು ಬಾಗಿತ್ತು. ಕಂಕುಳಲ್ಲಿ ತವರಿನ ಸೀರೆ ಇತ್ತು, ಹೆಣ್ಣುಮಗಳಿಗೆ ಕೊನೆಗೆ ಹೊದಿಸುವ ಸೀರೆ. ಅದನ್ನು ಹೊದಿಸಿ, ಮುಖದ ಹತ್ತಿರ ಕುಳಿತು, ಎಷ್ಟು ಹೊತ್ತಾದರೂ ಏಳಲಿಲ್ಲ.

ಮಣ್ಣು ಮಾಡಿದ ಕೆಲವು ದಿನದ ಮೇಲೆ ಮರಣ ನೋಂದಣಿ ಮಾಡಿಸಲು ಪುರಸಭೆಗೆ ಹೋದೆ. ಅಣ್ಣನೂ ಜೊತೆಗೆ ಬಂದ. ಕಿಟಕಿಯಲ್ಲಿದ್ದ ಹುಡುಗ, ತೀರಿಕೊಂಡವರಿಗೆ ನೀವು ಏನಾಗಬೇಕು ಅಂತ ಕೇಳಿದ. ನಾನು ಏನು ಹೇಳಲಿ? ಅವಳು ಸಾಕಿದ ಹುಡುಗಿ ಅನ್ನಲೇ? ಬಾಲಮಂದಿರದವಳು ಅನ್ನಲೇ? ಬಾಯಿಗೆ ಬಂದದ್ದು ಒಂದೇ ಮಾತು. ಸೋದರ ಸೊಸೆ ಅಂದೆ. ಹುಡುಗ ಬರೆಯಲು ಹೋಗಿ ತಡೆದ. ಅಂದರೆ ಅವರ ಅಣ್ಣನ ಮಗಳೇ ಅಂದ. ಅವನು ನನ್ನ ಪಕ್ಕದಲ್ಲಿ ಕೋಲೂರಿ ನಿಂತಿದ್ದ ಮುದುಕನನ್ನು ನೋಡಿದ.

"ಯಜಮಾನ್ರ, ಈಕಿ ನಿಮ್ಮ ಮಗಳೇನ್ರಿ?"

ಅಣ್ಣ ನನ್ನ ಕಡೆ ನೋಡಲಿಲ್ಲ. ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

"ಹೌದಪಾ. ಬರ್ಕೋ," ಅಂದ.

ಹುಡುಗ ಬರೆದುಕೊಂಡ. ಯಾವ ಪುರಾವೆಯನ್ನೂ ಕೇಳಲಿಲ್ಲ.

ಈಗ ಪ್ರತಿ ಪಂಚಮಿಗೆ ಎಮ್ಮಿಗನೂರಿನಿಂದ ನನ್ನನ್ನು ಕರೆಯಲು ಟ್ರ್ಯಾಕ್ಟರ್ ಬರುತ್ತದೆ. ಅಣ್ಣನಿಗೆ ಕೈಲಾಗುವುದಿಲ್ಲ, ಮೊಮ್ಮಗನನ್ನು ಕಳಿಸುತ್ತಾನೆ. ಅಣ್ಣನ ಹೆಂಡತಿ ಈಗಲೂ ನನ್ನ ಮೂಗಿನ ಕಡೆ ಒಂದು ಕಣ್ಣು ಇಟ್ಟಿರುತ್ತಾಳೆ, ಆದರೆ ಉಂಡಿ ಮಾತ್ರ ಬೇಡ ಬೇಡವೆಂದರೂ ಇನ್ನೊಂದು ಹಾಕುತ್ತಾಳೆ. ಮನೆ ತುಂಬ ಜನ, ಮಕ್ಕಳು, ಗದ್ದಲ. ಎಲ್ಲ ಅತ್ತಿ ಹೇಳುತ್ತಿದ್ದ ಹಾಗೆಯೇ ಇದೆ. ನಾನು ಆ ಪಡಸಾಲೆಯಲ್ಲಿ ಕುಳಿತು ಉಣ್ಣುತ್ತೇನೆ. ಇದು ಅವಳ ತವರು. ಅವಳಿಲ್ಲದೆ ನಾನೊಬ್ಬಳೇ ಬಂದಿದ್ದೇನೆ.